ಆನೆ ಎಂಟ್ರಿಗೆ ಗುಲಾಬಿ

ಬೆಟ್ಟಸ್ವಾಮಿ: ಅಲ್ಲ ಕಣ್ ಮುಬಷೀರಣ್ಣ, ಆನೆ ಬರೋ ಜಾಗ್ದಾಗೆ ನಾದಸ್ವರ ಯಾಕೆ ಹಾಕಿದ್ದೀರಿ?

ಮುಬಷೀರ್: ಅರೆ, ಎಂಟ್ರಿ ಅಂದ್ಮೇಲೆ ನಾದಸ್ವರ ಬೇಡ್ವಾ? ನೀನು ಮದುಮಗ ಆಗಿ ಚೌಲ್ಟ್ರಿ ಬಾಗಿಲಿಗೆ ಬಂದಾಗ ಹಾಕಿರಲಿಲ್ವಾ?

ಬೆಟ್ಟಸ್ವಾಮಿ: ಅದು ಮದ್ವೆ!

ಮುಬಷೀರ್: ಇದೂ ವಿಡಿಯೋನೇ!

ಹುಣಸೂರಿನ ಪೇಟೆ ಬೀದಿಯಲ್ಲಿ ಮುಬಷೀರನ ವಿಡಿಯೋ ಅಂಗಡಿ. ಸುತ್ತ ನಾಲ್ಕು ತಾಲ್ಲೂಕಿನ ಮದುವೆಗಳು ಅವನ ಕ್ಯಾಮೆರಾದೊಳಗೆ ಹಾದುಹೋಗಿವೆ. ಅವನೆದುರು ಬೆವರುತ್ತ ಕೂತಿದ್ದ ಬೆಟ್ಟಸ್ವಾಮಿಗೆ ಹಂಪಾಪುರದಲ್ಲಿ ಮಿಕ್ಸಿ, ಟೀವಿ ರಿಪೇರಿ ಕೆಲಸ. ಆ ಕೆಲಸದಲ್ಲಿ ಸುಮ್ಮನೆ ಇರಲಾರದೆ ಮೂರು ವರ್ಷ ಕೂತು ಒಂದು ಆಟ ಮಾಡಿದ್ದ. ಬೆಂಕಿಪೊಟ್ಟಣದಷ್ಟಿರುವ ಕಂಪ್ಯೂಟರಿಗೆ ಅಂಗೈಯಗಲದ ಪರದೆ, ನಾಲ್ಕು ಗುಂಡಿ ಕೂರಿಸಿ, ಅವನ ಕಾಲದ ಹುಡುಗರು ಮೇಷ್ಟ್ರ ಕಣ್ಣು ತಪ್ಪಿಸಿ ಬೆಂಚಿನ ಕೆಳಗೆ ಆಡುತ್ತಿದ್ದಂಥ ಕೈಯಾಟ. ಕಾಕನಕೋಟೆ ಕಾಡಿನಿಂದ ಆನೆ ಬರುತ್ತದೆ. ಅಟ್ಟಣೆ ಮೇಲಿರುವ ರೈತ ಡಬ್ಬ ಬಡಿದು ರಾಗಿ ಹೊಲ ಉಳಿಸಿಕೊಳ್ಳಬೇಕು. ಇಲ್ಲಿಯವರೆಗೆ ಒಬ್ಬರೂ ಉಳಿಸಿಕೊಂಡಿಲ್ಲ. ಮಾಡಿದವನೇ ಸಾವಿರ ಸಲ ಸೋತಿದ್ದಾನೆ ಅಂದಮೇಲೆ ಮಿಕ್ಕವರ ಪಾಡೇನು! ಬೆಟ್ಟಸ್ವಾಮಿಯ ಜಾಣತನದ ಬಗ್ಗೆ ಊರಲ್ಲಿ ಎರಡು ಮಾತಿರಲಿಲ್ಲ. ಯಾಕೆಂದರೆ ಒಂದು ಮಾತನ್ನೂ ಯಾರೂ ಆಡಿರಲಿಲ್ಲ.

ಈಗ ಮೈಸೂರಿನಲ್ಲಿ ಇಂಥ ಹುಚ್ಚಿನವರೇ ಸೇರಿ ಭಾನುವಾರಕ್ಕೆ ಒಂದು ಪ್ರದರ್ಶನ ಇಟ್ಟಿದ್ದರು. ಆಟದ ಒಂದು ನಿಮಿಷದ ವಿಡಿಯೋ ಇವತ್ತು ಸಂಜೆ ಆರರೊಳಗೆ ಹೋಗಬೇಕು, ಹಿಡಿಸಿದರೆ ಕರೆಯುತ್ತಾರೆ. ಬೆಟ್ಟಸ್ವಾಮಿಯ ಫೋನಿನ ಕ್ಯಾಮೆರಾ ಒಡೆದಿತ್ತು. ಊರವರ ಟೀವಿ ಎಲ್ಲ ರಿಪೇರಿ ಮಾಡುವವನಿಗೆ ಅದೊಂದನ್ನು ಸರಿಮಾಡಿಕೊಳ್ಳಲು ಪುರುಸೊತ್ತು ಆಗಿರಲಿಲ್ಲ. ಹಾಗಾಗಿ ಹದಿನೆಂಟು ವರ್ಷದ ಹಿಂದೆ ತನ್ನ ಮದುವೆ ವಿಡಿಯೋ ತೆಗೆದ ಮುಬಷೀರನ ಹತ್ತಿರ ಓಡಿಬಂದಿದ್ದ. ಗಂಟೆ ಆಗಲೇ ಐದೂವರೆ.

ಬೆಂಚಿನ ಮೇಲೆ ಹೆಂಡತಿ ಪದ್ಮಶ್ರೀ ಕೂತಿದ್ದಳು. ಅವಳ ಷರತ್ತು ಸರಳವಾಗಿತ್ತು. ಈ ಸಲ ಆಯ್ಕೆ ಆಗದಿದ್ದರೆ ನಡುಮನೆಯ ಟೇಬಲ್ ಮೇಲಿನ ವೈರು, ಬೋರ್ಡು ಎಲ್ಲ ಮೂಟೆ ಕಟ್ಟಿ ಅಟ್ಟಕ್ಕೆ. ಆ ಜಾಗಕ್ಕೆ ಅವಳ ಹೊಲಿಗೆ ಮಿಷನ್ನು. ಆಟದ ಸುದ್ದಿ ಮತ್ತೆ ಎತ್ತುವ ಹಾಗಿಲ್ಲ. ಮಹಾನುಭಾವ ತಲೆಯಾಡಿಸಿ ಒಪ್ಪಿಕೊಂಡು ಬಂದಿದ್ದ.

ಮುಬಷೀರ್: ಮುಂದೆ ನೋಡು. ಮೊದ್ಲು ಗಣಪತಿ.

ಬೆಟ್ಟಸ್ವಾಮಿ: ಯಾವ ಗಣಪತಿ?

ಮುಬಷೀರ್: ಆನೆ ಅಂತ ನೀನೇ ಹೇಳಿದ್ಯಲ್ಲಪ್ಪ. ನಾನು ಒಂದು ದೀಪ ಸೇರ್ಸಿ ಆರತಿ ಎತ್ತಿದ್ದೀನಿ. ಚೆನ್ನಾಗಿ ಬಂದಿದೆ.

ಬೆಟ್ಟಸ್ವಾಮಿ: ಅಯ್ಯೋ, ಅದು ದೇವ್ರಲ್ಲ ಕಣಣ್ಣ, ಕಳ್ಳ ಆನೆ! ರಾಗಿ ತಿನ್ನಕ್ಕೆ ಬಂದಿರೋದು!

ಮುಬಷೀರ್: ಮದ್ವೆಗೆ ಬರೋರು ಮತ್ತಿನ್ಯಾಕೆ ಬರ್ತಾರೆ? ಊಟಕ್ಕೇ ಅಲ್ವಾ?

ಪದ್ಮಶ್ರೀ: ಮುಬಷೀರಣ್ಣ ಏಳೋದು ಸರಿಯಾಗೈತೆ ಬುಡಿ.

ಬೆಟ್ಟಸ್ವಾಮಿ: ನೀನು ಸುಮ್ನಿರು ಪದ್ಮಾ.

ಮುಬಷೀರ್: ಕೊನೇಲಿ ಹೆಸ್ರು ಬರ್ತವೆ. ಆಗಮನಾಭಿಲಾಷಿಗಳು ಯಾರ್ಯಾರು, ಹೇಳು.

ಬೆಟ್ಟಸ್ವಾಮಿ: ಯಾರೂ ಇಲ್ಲ.

ಪದ್ಮಶ್ರೀ: ಯಾರೂ ಇಲ್ಲ ಅಂದ್ರೆ? ಅತ್ತೆ ಹೆಸ್ರು ಬುಟ್ರೆ ನಾಳೆ ನನ್ ಮೇಲೆ ಬತ್ತದೆ. ಮೊದ್ಲು ಕುಳ್ಳಮ್ಮ ಅಂತ ಹಾಕಿ. ಆಮೇಲೆ ನಮ್ಮಣ್ಣ ಕಾಂತರಾಜು. ಮದ್ವೆ ವಿಡಿಯೋದಾಗೆ ಅವನ ಹೆಸ್ರು ಬುಟ್ಟೋಗಿ, ಇವತ್ತಿಗೂ ನೆಟ್ಟಗೆ ಮಾತಾಡ್ಸಲ್ಲ.

ಮುಬಷೀರ್: ಬಿಟ್ಟಿದ್ದು ನಾನಲ್ಲ ತಂಗಿ. ಪಟ್ಟಿ ಕೊಟ್ಟಿದ್ದು ನಿನ್ ಗಂಡ.

ಪದ್ಮಶ್ರೀ: ಓಹೋ! ಅಂಗೋ ಸಮಾಚಾರ?

ಬೆಟ್ಟಸ್ವಾಮಿ: ಒಂದ್ ನಿಮಿಷ ಕಣ್ರಪ್ಪೋ! ಇರೋದೇ ಒಟ್ಟು ಒಂದ್ ನಿಮಿಷ! ಆರತಿಗೆ ಹದಿನೈದು ಸೆಕೆಂಡು, ನೆಂಟ್ರಿಗೆ ಮೂವತ್ತು. ನನ್ ಆಟ ಯಾವಾಗ ಆಡೋದು?

ಮುಬಷೀರ್: ಆಟ ಯಾರು ನೋಡ್ತಾರೆ? ಎಲ್ಲರೂ ತಮ್ಮ ಮುಖ ಬಂತಾ ಅಂತ ನೋಡ್ತಾರೆ.

ಬೆಟ್ಟಸ್ವಾಮಿ: ನಿಮ್ ಕಾಲಿಗೆ ಬೀಳ್ತೀನಿ. ಆರತಿ ತೆಗೀರಿ, ನಾದಸ್ವರ ತೆಗೀರಿ, ಹೆಸ್ರು ತೆಗೀರಿ. ಎಲ್ಲಾ ತೆಗೀರಿ!

ಮುಬಷೀರ್ ನಿಟ್ಟುಸಿರು ಬಿಡುತ್ತ ಒಂದೊಂದಾಗಿ ತೆಗೆದ. ಪ್ರತಿಯೊಂದು ತೆಗೆದಾಗಲೂ 'ನಿನ್ನಿಷ್ಟ' ಅಂದ. ಕೊನೆಗೆ ಪರದೆಯ ಮೇಲೆ ಹೊಲ, ಅಟ್ಟಣೆ, ಆನೆ ಉಳಿದವು. ಅವುಗಳ ಮೇಲೆ ಗುಲಾಬಿ ಹೂವುಗಳು ಸುರಿಯುತ್ತಲೇ ಇದ್ದವು.

ಬೆಟ್ಟಸ್ವಾಮಿ: ಈ ಹೂವ?

ಮುಬಷೀರ್: ಅದು ಬರ್ತದೆ.

ಬೆಟ್ಟಸ್ವಾಮಿ: ಬರೋದು ಕಾಣ್ತದೆ. ತೆಗೀರಿ.

ಮುಬಷೀರ್: ತೆಗಿಯಕ್ಕೆ ನಂಗೆ ಬರಲ್ಲ.

ಬೆಟ್ಟಸ್ವಾಮಿ: ಅಂದ್ರೆ?

ಮುಬಷೀರ್: ಮೈಸೂರಿಂದ ಒಬ್ರು ಬಂದು ಕಂಪ್ಯೂಟರಿಗೆ ಹಾಕ್ಕೊಟ್ಟು ಹೋದ್ರು. ಇಪ್ಪತ್ತು ವರ್ಷ ಆಯ್ತು, ಉದುರ್ತಾನೇ ಇವೆ. ಇಷ್ಟು ಮದ್ವೆ ಮಾಡಿದ್ದೀನಿ, ಹೂವು ಬೇಡ ಅಂದ ಗಂಡಸು ನೀನೊಬ್ನೇ.

ಪದ್ಮಶ್ರೀ: ನಮ್ ಮದ್ವೇಲೂ ಉದುರಿದ್ವು. ಆಗ ಬೇಡ ಅಂದಿರ್ನಿಲ್ಲ ನೀವು.

ಬೆಟ್ಟಸ್ವಾಮಿ: ಆಗ ನನ್ನ ಯಾರು ಕೇಳಿದ್ರು?

ಪದ್ಮಶ್ರೀ: ಈಗ್ಲೂ ಯಾರೂ ಕೇಳ್ತಿಲ್ಲ ಬುಡಿ.

ಗಂಟೆ ಐದೂ ಐವತ್ತೆರಡು. ಹೂವು ಇದ್ದರಿರಲಿ, ಹೋಗಿಬಿಡಲಿ ಅಂತ ಕಳಿಸಲು ನೋಡಿದರೆ ವಿಡಿಯೋ ಭಾರವಾಯಿತು, ಆ ಕಡೆಯವರು ತೆಗೆದುಕೊಳ್ಳಲಿಲ್ಲ. ಮುಬಷೀರ್ 'ತಾಳು, ಹಿಂಡ್ತೀನಿ' ಅಂದ. ಒಂದು ಸಲ ಹಿಂಡಿದ, ಸಾಲಲಿಲ್ಲ. ಇನ್ನೊಂದು ಸಲ ಹಿಂಡಿದ. ಹಿಂಡಿದ ರಭಸಕ್ಕೆ ನುಣುಪಾಗಿದ್ದ ಗುಲಾಬಿಗಳೆಲ್ಲ ಚೌಕ ಚೌಕ ಚುಕ್ಕಿಗಳಾಗಿ, ಚೌಕ ಚುಕ್ಕಿ ಜೋಡಿಸಿಯೇ ಮಾಡಿದ್ದ ಬೆಟ್ಟಸ್ವಾಮಿಯ ಆನೆಯ ಜಾತಿಗೇ ಸೇರಿಬಿಟ್ಟವು. ಯಾವುದು ಆಟದ್ದು, ಯಾವುದು ಅಂಗಡಿಯದು ಅಂತ ಹೇಳುವ ಹಾಗೇ ಇರಲಿಲ್ಲ. ಆರಕ್ಕೆ ಎರಡು ನಿಮಿಷ ಇದ್ದಾಗ ವಿಡಿಯೋ ಹೋಯಿತು.

ಬೆಟ್ಟಸ್ವಾಮಿ: ಮುಗೀತು. ಮೂರು ವರ್ಷ ಹೊಳೇಲಿ ಹುಣಸೇಹಣ್ಣು ಕಿವುಚಿದಂಗಾಯ್ತು. ಮೈಸೂರೋರು ನೋಡಿ ಬಿದ್ದೂ ಬಿದ್ದೂ ನಗ್ತಾರೆ.

ಪದ್ಮಶ್ರೀ: ರೀ, ಆ ಟೇಬಲ್ ಅಗಲ ಎಷ್ಟೈತೆ? ಮಿಷನ್ ಜೊತೆ ಇಸ್ತ್ರಿಪೆಟ್ಟಿಗೇನೂ ಹಿಡೀತದಾ?

ಬೆಟ್ಟಸ್ವಾಮಿಗೆ ನಿಜಕ್ಕೂ ಅಳು ಬಂತು. ಅತ್ತರೆ ಮುಬಷೀರ್ ಅದನ್ನೂ ವಿಡಿಯೋ ತೆಗೆದು 'ಹೆಣ್ಣು ಒಪ್ಪಿಸುವುದು' ಅಂತ ಸೇರಿಸಿಯಾನು ಅನ್ನುವ ಭಯಕ್ಕೆ ತಡೆದುಕೊಂಡ. ಮೂವರೂ ಟೀ ತರಿಸಿ ಕುಡಿದರು. ಲೋಟ ಇಡುವ ಹೊತ್ತಿಗೆ ಫೋನು ಟಿಣ್ ಅಂತು. ತೆರೆದು ನೋಡುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಪದ್ಮಶ್ರೀಯೇ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು.

ಪದ್ಮಶ್ರೀ: 'ನಿಮ್ಮ ಆಟ ಆಯ್ಕೆಯಾಗಿದೆ.' ರೀ! ಆಯ್ಕೆ ಆಗೈತೆ ಕಣ್ರೀ!

ಬೆಟ್ಟಸ್ವಾಮಿ: ನಿಜವಾಗ್ಲೂ? ಇನ್ನೇನ್ ಬರ್ದವ್ರೆ? ಓದು, ಓದು!

ಪದ್ಮಶ್ರೀ: 'ಇಷ್ಟು ಪುಟ್ಟ ಯಂತ್ರದಲ್ಲಿ ಒಂದೇ ಸಲಕ್ಕೆ ನಲವತ್ತು ಹೂವು ತಡವರಿಸದೆ ಉದುರುವುದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಹೇಗೆ ಮಾಡಿದಿರಿ? ಭಾನುವಾರ ಯಂತ್ರ ತನ್ನಿ, ಜನ ಕೈಯಲ್ಲಿ ಹಿಡಿದು ಆಡಲಿ. ಕೆಳಗೆ ಓಡಾಡುವ ಹಂದಿಯೂ ಮುದ್ದಾಗಿದೆ.'

ಬೆಟ್ಟಸ್ವಾಮಿ: ಯಾವ ಹಂದಿ?

ಮುಬಷೀರ್ ಒರೆಸಿಟ್ಟಿದ್ದ ಕ್ಯಾಮೆರಾವನ್ನೇ ಮತ್ತೆ ಒರೆಸತೊಡಗಿದ.

ಪದ್ಮಶ್ರೀ: ನಾನೂ ಹಂದಿ ಅಂತ್ಲೇ ಅಂದ್ಕೊಂಡಿದ್ದೆ ಕಣ್ರೀ. ಏಳಿದ್ರೆ ನೊಂದ್ಕೋತೀರಿ ಅಂತ ಸುಮ್ನಿದ್ದೆ.

ಬೆಟ್ಟಸ್ವಾಮಿ: ಮೂರು ವರ್ಷಾನಾ?

ಪದ್ಮಶ್ರೀ: ಅತ್ತೇನೂ ಸುಮ್ನವ್ರೆ.

ಮುಬಷೀರ್: ನಾನೇ ವಾಸಿ ಕಣಪ್ಪ. ನೀನು ಆನೆ ಅಂದೆ, ನಾನು ನಂಬ್ದೆ. ಈಗ ಹಂದೀನೋ ಆನೇನೋ ಬಿಡು. ಹೂವು ನಮ್ದಲ್ಲ, ಮದ್ವೆ ವಿಡಿಯೋದು ಅಂತ ಬರ್ದ್ಬಿಡು. ಸುಳ್ಳು ಹೇಳಿ ಮೈಸೂರಿಗೆ ಹೋಗ್ಬೇಡ.

ಪದ್ಮಶ್ರೀ: ಬರೀರಿ, ಬರೀರಿ. ಟೇಬಲ್ ನಂದಾಗ್ತದೆ.

ಬೆಟ್ಟಸ್ವಾಮಿ ಫೋನು ತೆಗೆದುಕೊಂಡು ಬರೆದ: 'ಹೂವು ವಿಡಿಯೋ ತೆಗೆದವರದು. ಆಟ ನನ್ನದು. ಭಾನುವಾರ ತರುವಾಗ ಎರಡೂ ನನ್ನವೇ ಆಗಿರುತ್ತವೆ.' ಉತ್ತರ ಬೇಗನೆ ಬಂತು: 'ಹಾಗಿದ್ದರೆ ತನ್ನಿ, ನೋಡೋಣ.'

ಮುಬಷೀರ್: ಭೇಷ್! ನಾಲ್ಕೇ ದಿನದಲ್ಲಿ ಮಾಡ್ತೀಯಾ?

ಬೆಟ್ಟಸ್ವಾಮಿ: ಮಾಡೋದು ಕಷ್ಟ ಅಲ್ಲ ಕಣಣ್ಣ. ಜಾಗ ಇಲ್ಲ. ಇದ್ರ ಮೆಮರಿಯೊಳಗೆ ಒಂದು ಎಲೆ ತೂರ್ಸೋಕೂ ಜಾಗ ಇಲ್ಲ. ಡಬ್ಬ ತೆಗೆದ್ರೆ ಎರಡು ಹೂವ ಹಿಡೀತದೆ. ಅಟ್ಟಣೆ ತೆಗೆದ್ರೆ ಐದು. ನಲವತ್ತು ಹೂವ ಅಂದ್ರೆ...

ಪದ್ಮಶ್ರೀ: ಆನೆ?

ಬೆಟ್ಟಸ್ವಾಮಿ: ಆನೆ.

ಅವನು ಕೈಯಾಟವನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತ ಕೂತ. ಸೊಂಡಿಲು ಒಂದಕ್ಕೇ ಒಂದು ಬೇಸಿಗೆ ಹಿಡಿದಿತ್ತು. ಯಾರು ಬಡಿದರೂ ಹೆದರದ ಆನೆ ಅಂತ ಒಳಗೊಳಗೇ ಬೀಗಿದ್ದೂ ಉಂಟು. ಅದನ್ನು ಈಗ ತಾನೇ ಒಂದು ಗುಂಡಿ ಒತ್ತಿ ಓಡಿಸಬೇಕು ಅನ್ನುವುದು ಅವನಿಗೆ ಸಂಕಟವಾಯಿತು. ಪದ್ಮಶ್ರೀ ಟೇಬಲ್ ಮರೆತು, ಬೆಂಚಿನಿಂದ ಎದ್ದು ಬಂದು ಅವನ ಪಕ್ಕ ಕೂತಳು.

ಮುಬಷೀರ್: ಅಲ್ಲಪ್ಪ, ಆನೇನೇ ಹೋದ್ಮೇಲೆ ಅಟ್ಟಣೆ ಮೇಲಿರೋ ರೈತ ಏನ್ ಮಾಡ್ತಾನೆ?

ಬೆಟ್ಟಸ್ವಾಮಿ: ಕಾಯ್ತಾನೆ.

ಮುಬಷೀರ್: ಬರೀ ಕಾಯ್ತಾನಾ?

ಬೆಟ್ಟಸ್ವಾಮಿ: ತೂಕಡ್ಸಿ ಬೀಳ್ದಂಗೆ ಡಬ್ಬ ಬಡೀತಾ ಕಾಯ್ತಾನೆ. ಬೆಳಕು ಹರಿಯೋವರ್ಗೂ ಬಿದ್ದಿಲ್ಲ ಅಂದ್ರೆ ಗೆದ್ದ. ಆಗ ಮೇಲಿಂದ ಹೂವ ಸುರೀತವೆ.

ಪದ್ಮಶ್ರೀ: ಅದ್ಯಾಕ್ರೀ ಸುರೀತವೆ?

ಬೆಟ್ಟಸ್ವಾಮಿ: ಆನೆ ಬರ್ನಿಲ್ವಲ್ಲ, ಅದ್ಕೆ!