ಮೈದುನನ ಬೆನ್ನ ಹಿಂದಿನ ರಂಗೋಲಿ

ನನ್ನ ಮೈದುನ ಇಪ್ಪತ್ತೆರಡು ವರ್ಷದಿಂದ ಒಂದು ವಾದ್ಯ ನುಡಿಸುತ್ತಿದ್ದಾನೆ. ಅದನ್ನು ಕೇಳಿದವರು ಇಡೀ ತುಮಕೂರಿನಲ್ಲಿ ಒಬ್ಬರೂ ಇಲ್ಲ! ಹೊಟ್ಟೆಕಿಚ್ಚಿನ ಮಾತಲ್ಲ ಇದು, ಬೇಕಾದರೆ ಅವನನ್ನೇ ಕೇಳಿ, ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾನೆ. ಅವನು ನುಡಿಸುವುದು ಬೇಸ್ ಗಿಟಾರು. ಹಾಡುವವರನ್ನು ಜನ ಕೇಳುತ್ತಾರೆ, ಕೀಬೋರ್ಡಿನವರನ್ನು ಕೇಳುತ್ತಾರೆ, ಡ್ರಮ್ಮಿನವನನ್ನು ಬೇಡ ಅಂದರೂ ಕೇಳಲೇಬೇಕು. ಇವನದು ಮಾತ್ರ ಸಾರಿನ ಇಂಗಿನ ಹಾಗೆ. ಇಲ್ಲದಿದ್ದರೆ ಏನೋ ಕಮ್ಮಿಯಾಗಿದೆ ಅನ್ನುತ್ತಾರೆ, ಇದ್ದರೆ ಯಾರೂ ಹೆಸರೆತ್ತುವುದಿಲ್ಲ.

ನಾನು ಮದುವೆಯಾಗಿ ಕ್ಯಾತ್ಸಂದ್ರದ ಈ ಮನೆಗೆ ಬಂದ ವರ್ಷವೇ ಅವನು ಆ ಗಿಟಾರನ್ನೂ ತಂದ. ನನಗೆ ಆರತಿ ಎತ್ತಿ ಒಳಗೆ ಕರೆದುಕೊಂಡಿದ್ದ ಅತ್ತೆ, ಅದನ್ನು ಹೊಸ್ತಿಲಲ್ಲೇ ನಿಲ್ಲಿಸಿ ತಂತಿ ಎಣಿಸಿದರು.

"ಏನ್ಲಾ ಇದು, ನಾಕೇ ಅವೆ? ಪಕ್ಕದ್ಮನೆಯೋರದ್ರಲ್ಲಿ ಆರಿದ್ವು."

"ಇದಕ್ಕೆ ಇರೋದೇ ನಾಕು ಕಣಮ್ಮ."

"ಅಂಗಡಿಯೋನು ಎರಡು ಕಿತ್ಕೊಂಡು ಕೊಟ್ಟವ್ನೆ. ಹೋಗು, ಕೇಳಿ ಹಾಕಿಸ್ಕೊಂಡ್ ಬಾ."

ಆ ಎರಡು ತಂತಿಯನ್ನು ಅತ್ತೆ ಇವತ್ತಿಗೂ ಮರೆತಿಲ್ಲ.

ಅವನ ಕೋಣೆಗೂ ನನ್ನ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅವನು ಅಭ್ಯಾಸಕ್ಕೆ ಕೂತರೆ ನನಗೆ ಸಂಗೀತ ಅಂತ ಏನೂ ಕೇಳಿಸುತ್ತಿರಲಿಲ್ಲ, ನನ್ನ ಪಾತ್ರೆಗಳು ಮಾತ್ರ ಕೇಳುತ್ತಿದ್ದವು. ಒಂದು ಸ್ವರಕ್ಕೆ ಹಾಲಿನ ಪಾತ್ರೆಯ ಮುಚ್ಚಳ ಗುಂಯ್ ಅನ್ನುವುದು, ಇನ್ನೊಂದಕ್ಕೆ ಗೋಡೆಗೆ ನೇತುಹಾಕಿದ ಜಾಲರಿ ಸೌಟು ನಡುಗುವುದು.

"ಅತ್ತಿಗೆ, ಈಗ ಯಾವ್ದು?" ಅಂತ ಕೋಣೆಯಿಂದ ಕೂಗುತ್ತಿದ್ದ.

"ಈಗ ಇಡ್ಲಿ ತಟ್ಟೆ ಕಣಪ್ಪಾ."

ಅತ್ತೆಗೆ ಆಗಲೇ ಕಿವಿ ಮಂದ. ಅವನು ನುಡಿಸುವ ಹೊತ್ತಿಗೆ ಸರಿಯಾಗಿ ಆ ಗೋಡೆಗೆ ಬೆನ್ನು ಕೊಟ್ಟು, ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂರುತ್ತಿದ್ದರು. "ಬೆನ್ನಿಗೆ ಹಿತವಾಗಿರುತ್ತೆ ಕಣೇ" ಅನ್ನುತ್ತಿದ್ದರು. ಅವರ ಬೆನ್ನುನೋವಿಗೆ ಎಣ್ಣೆ ತಿಕ್ಕುವ ಕೆಲಸ ಒಂದು ಹೊತ್ತು ತಪ್ಪಿತಲ್ಲ, ಅದೂ ಶಿವನ ದಯೆಯೇ ಅಂತ ನಾನು ಸಾಸಿವೆ ಸಿಡಿಸುತ್ತಿದ್ದೆ.

ಅವನ ದೊಡ್ಡ ಗುಣವೋ ರೋಗವೋ ಏನೆಂದರೆ, ಎಲ್ಲಿ ಹೋದರೂ ಹಿಂದೆ ನಿಲ್ಲುವುದು. ಗುಂಪಿನ ಫೋಟೋ ತೆಗೆದರೆ ಇವನ ಒಂದು ಕಿವಿ ಮಾತ್ರ ಬಂದಿರುತ್ತದೆ. ಗುಬ್ಬಿಯಲ್ಲೊಂದು ಮದುವೆಗೆ ಆರ್ಕೆಸ್ಟ್ರಾದವರ ಜೊತೆ ಹೋಗಿದ್ದ. ಎಷ್ಟು ಹಿಂದೆ ನಿಂತಿದ್ದ ಅಂದರೆ, ಅಡುಗೆಯವರು ಬಂದು, "ಕರೆಂಟ್ ಕೆಲಸದೋರು ನೀವೇನಾ? ನಮ್ ಗ್ರೈಂಡರ್ ನಿಂತೋಗದೆ" ಅಂದರಂತೆ. ಇವನು ಹೋಗಿ ಸರಿ ಮಾಡಿಕೊಟ್ಟು ಬಂದ. ವೇದಿಕೆಯ ಮೇಲೆ ಇವನಿಲ್ಲದ್ದು ಯಾರಿಗಾದರೂ ಗೊತ್ತಾಯಿತೇ? ಇಲ್ಲ. ಗ್ರೈಂಡರಿನವರು ಮಾತ್ರ ಎಲೆಗೆ ಎರಡು ಒಬ್ಬಟ್ಟು ಹೆಚ್ಚಿಗೆ ಹಾಕಿದರಂತೆ.

ಕುಣಿಗಲ್ಲಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಸೋದರಮಾವ, "ಏನಾದ್ರೂ ನುಡಿಸಪ್ಪ, ಕೇಳಾಣ" ಅಂದರು. ಇವನು ಕಣ್ಣು ಮುಚ್ಚಿ ಹತ್ತು ನಿಮಿಷ ನುಡಿಸಿದ. ಪಾಪ, ಅವರು ತಾಳ್ಮೆಯಿಂದ ಕೂತಿದ್ದು ಕೊನೆಗೆ, "ಶ್ರುತಿ ಸರಿಯಾಯ್ತು ಅನ್ಸುತ್ತೆ. ಇನ್ ಹಾಡು ಶುರು ಮಾಡಿ" ಅಂದರು. ಬಾಗಿಲ ಹಿಂದಿನಿಂದ ಹುಡುಗಿ ಕಿಸಕ್ಕನೆ ನಕ್ಕಳು. ಹಿಂದೆ ನಿಲ್ಲುವವನಿಗೆ ಬಾಗಿಲ ಹಿಂದಿನವಳೇ ಜೋಡಿಯಾದಳು, ಈಗ ನನ್ನ ಓರಗಿತ್ತಿ.

ವಾರವೆಲ್ಲ ಹಿರೇಹಳ್ಳಿಯ ಫ್ಯಾಕ್ಟರಿ, ಭಾನುವಾರ ಬೆಂಗಳೂರಿನಲ್ಲಿ ಜಾಝ್ ಫ್ಯೂಷನ್. ಹಾಗಂದರೇನಪ್ಪಾ ಅಂತ ಒಮ್ಮೆ ಕೇಳಿದೆ. "ಎಲ್ಲಾರ್ಗೂ ಮನೆ ದಾರಿ ಗೊತ್ತಿರುತ್ತೆ ಅತ್ತಿಗೆ. ಆದ್ರೆ ಯಾರೂ ಸೀದಾ ಹೋಗಲ್ಲ. ಸುತ್ತಾಡ್ಕೊಂಡು, ಕೊನೆಗೆ ಎಲ್ಲಾ ಒಂದೇ ಸಲ ಬಾಗಿಲ ಹತ್ರ ಸೇರ್ತಾರೆ" ಅಂದ.

"ಅಂದ್ರೆ ನಿಮ್ಮಣ್ಣ ಆಫೀಸಿಂದ ಬರೋ ಹಂಗೆ."

ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಲಿಲ್ಲ.

ಇಂಥವನು ಹೋದ ಶ್ರಾವಣದ ಒಂದು ಸೋಮವಾರ, ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುತ್ತಾ, "ಅತ್ತಿಗೆ, ನಂದೇ ಬ್ಯಾಂಡ್ ಮಾಡ್ತಿದೀನಿ. ನುಡಿಸೋಕೆ ಎಂಟು ಪೀಸಿಗೆ ನಾನೇ ರಾಗ ಕಟ್ಟಿದೀನಿ. ಮೊದಲ್ನೇ ಪ್ರೋಗ್ರಾಮ್ ತುಮಕೂರಲ್ಲೇ, ಅಮ್ಮ ಬರ್ಬೇಕಲ್ಲ" ಅಂದ. ಆಮೇಲೆ ಹಲ್ಲು ಕೀಳಿಸಿಕೊಳ್ಳಲು ಹೊರಟವನ ಮುಖ ಮಾಡಿಕೊಂಡು, "ನಾನೇ ಮುಂದೆ ನಿಲ್ಬೇಕು" ಅಂದ.

ನಮ್ಮ ತಾರಸಿಯಲ್ಲೇ ತಾಲೀಮು. ಅವನೂ ಸೇರಿ ನಾಲ್ಕು ಜನ. ಶುರುವಾಗುವಾಗ ಇವನು ಮುಂದೆ ಇರುತ್ತಿದ್ದ, ಮುಗಿಯುವ ಹೊತ್ತಿಗೆ ನೀರಿನ ಟ್ಯಾಂಕಿಗೆ ಆತುಕೊಂಡಿರುತ್ತಿದ್ದ. "ಸಾರ್, ಇನ್ನೊಂದ್ ಹೆಜ್ಜೆ ಹಿಂದಕ್ ಬಂದ್ರೆ ನನ್ ತೊಡೆ ಮೇಲೆ ಕೂರ್ತೀರ" ಅಂತ ಡ್ರಮ್ಮಿನವನು ರೇಗಿಸುತ್ತಿದ್ದ. ನಗುವ ವಿಷಯವೇನೋ ಹೌದು. ಆದರೆ ಬ್ಯಾಂಡಿನ ಯಜಮಾನನಾದವನೇ ಹಿಂದೆ ಅಡಗಿದರೆ ಉಳಿದವರು ಯಾರ ಮುಖ ನೋಡಿ ಶುರು ಮಾಡಬೇಕು, ಯಾರ ಮುಖ ನೋಡಿ ನಿಲ್ಲಿಸಬೇಕು? ಒಂದು ದಿನ ಕಾಫಿ ಕೊಡಲು ಹೋದಾಗ ಮೆಲ್ಲಗೆ ಹೇಳಿದ: "ಈ ಸಲ ಆಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಆಗಲ್ಲ ಅತ್ತಿಗೆ. ಎಲ್ಲಾ ಬಿಟ್ಬಿಡ್ತೀನಿ."

ನನಗೆ ಸಂಗೀತ ಗೊತ್ತಿಲ್ಲ, ರಂಗೋಲಿ ಗೊತ್ತು. ನಮ್ಮ ಮನೆಯಲ್ಲಿ ಬೆಳೆದವರು ಯಾರೂ ರಂಗೋಲಿ ತುಳಿಯುವುದಿಲ್ಲ. ಬಾಗಿಲಿನ ಅಗಲಕ್ಕೂ ಎಳೆ ಬಿಟ್ಟ ಹಬ್ಬದ ದಿನ ಇವನು ಹಿತ್ತಲಿನಿಂದ ಸುತ್ತಿಬಂದು ಬಸ್ಸು ತಪ್ಪಿಸಿಕೊಂಡವನು. ಪ್ರೋಗ್ರಾಮಿನ ಸಂಜೆ ಎಲ್ಲರಿಗಿಂತ ಮುಂಚೆ ಸಭಾಂಗಣಕ್ಕೆ ಹೋಗಿ, ವೇದಿಕೆಯ ಮೇಲೆ ಅವನು ನಿಲ್ಲುವ ಜಾಗದ ಹಿಂದೆ, ಡ್ರಮ್ಮಿನ ಮುಂದೆ, ಈ ತುದಿಯಿಂದ ಆ ತುದಿಗೆ ಪದ್ಮದ ಸಾಲು ಎಳೆದೆ. ಇನ್ನು ಹಿಂದಕ್ಕೆ ಹೋಗು ನೋಡೋಣ!

ಅತ್ತೆಯನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದೆವು. ವೇದಿಕೆ ಮರದ್ದು, ಗಿಡ್ಡದ್ದು. ವಾದ್ಯ ಶುರುವಾಗಿದ್ದೇ ತಡ, ಅತ್ತೆ ಚಪ್ಪಲಿ ಬಿಟ್ಟು ಎರಡು ಕಾಲನ್ನೂ ಎತ್ತಿ ವೇದಿಕೆಯ ಅಂಚಿಗೆ ಊರಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಿದ್ಯೆ ನಡೆಯುವ ಜಾಗಕ್ಕೆ ಕಾಲು ಇಡುವುದುಂಟೇ? "ಅತ್ತೆ, ಕಾಲ್ ತೆಗೀರಿ" ಅಂತ ಪಿಸುಗುಟ್ಟಿದೆ, ಚಿವುಟಿದೆ. ಅವರು ತಮ್ಮ ಪಾಡಿಗೆ ಮುಂದೆ ನೋಡುತ್ತಿದ್ದರು.

ನಾಲ್ಕನೆಯ ಪೀಸಿನಲ್ಲಿ ಉಳಿದವರೆಲ್ಲ ಒಬ್ಬೊಬ್ಬರೇ ನಿಲ್ಲಿಸಿದರು. ಇವನೊಬ್ಬನೇ ಉಳಿದ. ಅವನ ಎಡಗಾಲಿನ ಹಿಮ್ಮಡಿ ಎದ್ದು ಹಿಂದಕ್ಕೆ ಸರಿದದ್ದು ಕಂಡಿತು. ನಾನು ಶಿವ ಶಿವಾ ಅಂತ ಕಣ್ಣು ಮುಚ್ಚಿದೆ. ಬಿಟ್ಟಾಗ ಅವನು ಅಲ್ಲೇ ಇದ್ದ. ಅಷ್ಟೇ ಅಲ್ಲ, ಒಂದು ಹೆಜ್ಜೆ ಮುಂದೆ ಬಂದಿದ್ದ. ಆ ನಿಶ್ಶಬ್ದದಲ್ಲಿ ಅವನ ಗಿಟಾರು ಒಂದೇ ಮಾತಾಡುತ್ತಿದ್ದಾಗ, ಕಿವಿ ಕೇಳದವರ ದೊಡ್ಡ ಗಂಟಲಿನಲ್ಲಿ ಅತ್ತೆ ನನ್ನ ಕಡೆ ತಿರುಗಿ, "ಆ ಎರಡು ತಂತಿ ಹಾಕಿಸ್ಬುಟ್ಟವ್ನೆ ಕಣೇ" ಅಂದರು.

ಸಭೆಯೆಲ್ಲ ನಕ್ಕಿತು. ಅವನೂ ನಕ್ಕ. ಕೈ ಮಾತ್ರ ನಿಲ್ಲಲಿಲ್ಲ.

ಎಲ್ಲ ಮುಗಿದ ಮೇಲೆ ರಂಗೋಲಿ ಯಾರ ಕಾಲಿಗೂ ಸಿಗಬಾರದೆಂದು ಒದ್ದೆ ಬಟ್ಟೆ ಹಿಡಿದು ವೇದಿಕೆ ಹತ್ತಿದರೆ, ರಂಗೋಲಿ ಎಲ್ಲಿದೆ? ಒಂದು ಎಳೆಯೂ ಇಲ್ಲ. "ಫ್ಯಾನ್ ಹಾಕಿದ ತಕ್ಷಣ ಹಾರೋಯ್ತು ಆಂಟಿ" ಅಂತ ಡ್ರಮ್ಮಿನವನು ತನ್ನ ಪ್ಯಾಂಟು ಕೊಡವಿದ.

ಮೈದುನ ಒಂದು ಮೂಲೆಯಲ್ಲಿ ವೈರು ಸುತ್ತುತ್ತಿದ್ದ.

"ಮತ್ಯಾಕೋ ಹಿಂದಕ್ ಹೋಗ್ಲಿಲ್ಲ?"

"ಹೋಗ್ತಿದ್ದೆ ಅತ್ತಿಗೆ. ಅಮ್ಮನ ಕಾಲ್ ಹೆಬ್ಬೆರಳು ಕಾಣಿಸ್ತು. ತಾಳ ಹಾಕ್ತಿತ್ತು. ಒಂದು ಏಟೂ ತಪ್ಪಲಿಲ್ಲ." ವೈರಿನ ಗಂಟು ಬಿಡಿಸುತ್ತಾ, "ಹಿಂದೆ ನಿಂತ್ರೆ ಕಾಣ್ತಿರ್ಲಿಲ್ಲ" ಅಂದ.

ಮಾರನೆಯ ದಿನ ಅವನು ಕೋಣೆಯಲ್ಲಿ ನುಡಿಸಲು ಕೂತ. ಹಾಲಿನ ಪಾತ್ರೆಯ ಮುಚ್ಚಳ ಗುಂಯ್ ಅಂದಿತು. ಅತ್ತೆ ಬತ್ತಿಯ ಬುಟ್ಟಿ ಹಿಡಿದು ಬಂದು ಗೋಡೆಗೆ ಬೆನ್ನು ಕೊಟ್ಟರು. ನಾನು ಒಲೆ ಸಣ್ಣ ಮಾಡಿ ನೋಡಿದೆ. ಚಾಚಿದ ಕಾಲಿನ ಹೆಬ್ಬೆರಳು ಆಡುತ್ತಿತ್ತು.

ಇಪ್ಪತ್ತೆರಡು ವರ್ಷ ನಾನು ಅದನ್ನು ಬೆನ್ನುನೋವು ಅಂದುಕೊಂಡಿದ್ದೆ.