ಪಾರ್ಕಿನ ಸೈಕಲ್ಲಿಗೆ ನಾನು ಎಣ್ಣೆ ಬಿಟ್ಟಿದ್ದು

ಯಂತ್ರಗಳು ನನ್ನ ಮಾತು ಕೇಳುತ್ತವೆ ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇದೆ. ಯಂತ್ರಗಳಿಗೆ ಆ ನಂಬಿಕೆ ಇಲ್ಲ.

ಹೈದರಾಬಾದಿನ ಕುಷಾಯಿಗೂಡದ ನಮ್ಮ ಕಾಲೊನಿ ಪಾರ್ಕಿನಲ್ಲಿ ಸಿಮೆಂಟ್ ಕಟ್ಟೆಗೆ ಬಿಗಿದು ಕೂರಿಸಿದ ವ್ಯಾಯಾಮದ ಸೈಕಲ್ಲೊಂದಿತ್ತು. ನನ್ನ ಹೆಂಡತಿ ಸಾವಿತ್ರಿಯ ಮೊಣಕಾಲು ನೋವಿಗೆ ದಿನಾ ಸೈಕಲ್ ತುಳಿಯಬೇಕೆಂದು ಡಾಕ್ಟರು ಹೇಳಿದ್ದರು. ಆಕೆ ಪೆಡಲ್ ತುಳಿದರೆ ಇಡೀ ಪಾರ್ಕು ತಿರುಗಿ ನೋಡುವಂತೆ ಅದು ಕಿರುಚುತ್ತಿತ್ತು. ಪಾಪ, ನಾಚಿಕೆಯಾಗಿ ಬಿಟ್ಟುಬಿಟ್ಟಳು. ನೋವು ಮಾತ್ರ ಆಕೆಯನ್ನು ಬಿಡಲಿಲ್ಲ.

ಪಾರ್ಕಿನ ಉಳಿದ ಸಾಮಾನುಗಳ ಸ್ಥಿತಿಯೂ ಅಷ್ಟೇ. ಹೊಸದಾಗಿ ಹಾಕುವಾಗ ರಿಬ್ಬನ್ ಕತ್ತರಿಸುವವರು ಸಿಗುತ್ತಾರೆ, ಆಮೇಲೆ ಎಣ್ಣೆ ಬಿಡುವವರು ಸಿಗುವುದಿಲ್ಲ. ಕಾಲೊನಿ ಸಂಘದ ಅಧ್ಯಕ್ಷ ನರ್ಸಿಂಗರಾಯರು ಅನುದಾನಕ್ಕಾಗಿ ನಗರಪಾಲಿಕೆಗೆ ಅಲೆದು ಚಪ್ಪಲಿ ಸವೆಸಿದ್ದರು. ಕಡೆಗೂ ಭಾನುವಾರ ಎಂಜಿನಿಯರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವರು ಒಪ್ಪಿದರೆ ಅನುದಾನ. ಇಲ್ಲದಿದ್ದರೆ ಪಾರ್ಕಿಗೆ ಬೀಗ.

ಬರುವ ಅತಿಥಿಯ ಮುಂದೆ ನಮ್ಮ ಪಾರ್ಕಿನ ಮಾನ ಉಳಿಸಬೇಕೆಂಬ ಸದುದ್ದೇಶದಿಂದ ನಾನು ಶುಕ್ರವಾರ ಮಧ್ಯಾಹ್ನ, ಯಾರಿಗೂ ಹೇಳದೆ, ಕಾರ್ಯೋನ್ಮುಖನಾದೆ. ಗ್ರೀಸ್ ತರಲು ಅಂಗಡಿಗೆ ಹೋಗಬೇಕಿತ್ತು. ಅಡುಗೆಮನೆಯಲ್ಲಿ ಕರ್ಚಿಕಾಯಿ ಕರಿದು ಉಳಿದ ಎಣ್ಣೆ ಇತ್ತು. ಧಾರಾಳವಾಗಿ ಸುರಿದೆ. ಸೈಕಲ್ಲು ಉಸಿರೆತ್ತದೆ ತಿರುಗಿತು!

ಕರ್ಚಿಕಾಯಿಯ ಹೂರಣ ಬಾಣಲೆಯಲ್ಲಿ ಒಡೆದು ಎಣ್ಣೆಯೆಲ್ಲ ಸಿಹಿಯಾಗಿತ್ತು ಎಂಬುದು ಶನಿವಾರ ಬೆಳಿಗ್ಗೆ ತಿಳಿಯಿತು. ತಿಳಿಸಿದ್ದು ಇರುವೆಗಳು. ಸೀಟಿನಿಂದ ಪೆಡಲ್‌ವರೆಗೆ ಸಾಲುಗಟ್ಟಿದ್ದವು. ಇರುವೆಗೆ ಮದ್ದು ಅರಿಶಿನ ಎಂದು ಯಾರಿಗೆ ಗೊತ್ತಿಲ್ಲ? ಮನೆಯಿಂದ ಡಬ್ಬಿ ತಂದು, ನೀರಲ್ಲಿ ಕಲಸಿ ಸೈಕಲ್ಲಿಗೂ ಕಟ್ಟೆಗೂ ಬಳಿದೆ. ಹುಳು ಹುಪ್ಪಟೆ ಬರದಿರಲೆಂದು ಹ್ಯಾಂಡಲ್ಲಿಗೆ ಬೇವಿನ ಸೊಪ್ಪು ಕಟ್ಟಿದೆ. ಕೆಲಸ ಅಚ್ಚುಕಟ್ಟಾಗಿತ್ತು.

ಆದರೆ ಅದು ಆಷಾಢ ಮಾಸ. ಊರೆಲ್ಲ ಅಮ್ಮನವರಿಗೆ ಅರಿಶಿನ, ಬೇವು ಏರಿಸುವ ಬೋನಾಲು ಹಬ್ಬದ ಸಡಗರದಲ್ಲಿತ್ತು. ಅರಿಶಿನ ಬಳಿದು ಬೇವು ಕಟ್ಟಿದ್ದನ್ನು ಕಂಡರೆ ಹೈದರಾಬಾದಿನ ಜನ ಏನೆಂದುಕೊಳ್ಳುತ್ತಾರೆ ಎಂದು, ಇಷ್ಟು ವರ್ಷ ಇಲ್ಲೇ ಅನ್ನ ತಿಂದ ನಾನು ಯೋಚಿಸಬೇಕಿತ್ತು.

ಭಾನುವಾರ ಬೆಳಿಗ್ಗೆ ಹೋಗಿ ನೋಡುತ್ತೇನೆ, ಸೀಟಿಗೆ ಕುಂಕುಮ, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ, ಮುಂದೆ ಒಡೆದ ತೆಂಗಿನಕಾಯಿ. ಪಕ್ಕದ ಮನೆಯ ಲಕ್ಷ್ಮಮ್ಮ ದೀಪ ಹಚ್ಚುತ್ತಿದ್ದರು.

“ಸಾರ್, ಚೆಪ್ಪುಲು ತೀಯಂಡಿ. ಅಮ್ಮೋರು ವೆಲಿಸಿಂದಿ,” ಎಂದರು. ಅಮ್ಮ ತಾನಾಗಿ ಬಂದು ನೆಲೆಸಿದ್ದಾಳಂತೆ. ನಾನು ಚಪ್ಪಲಿ ಬಿಟ್ಟು ಕೈ ಮುಗಿದೆ. ಇನ್ನೇನು ಮಾಡಲಿ?

ನರ್ಸಿಂಗರಾಯರು ನನ್ನನ್ನು ಪಕ್ಕಕ್ಕೆ ಎಳೆದರು. ಕರ್ನಾಟಕದ ಗಡಿಗಂಟಿದ ಜಹೀರಾಬಾದ್ ಕಡೆಯವರಾದ ಅವರು ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. “ಪಾರ್ಕಿನ ಜಾಗಾದಾಗ ಗುಡಿ ಎದ್ದೈತಿ ಅಂತ ಎಂಜಿನಿಯರ್ ಬರದರ ಅನುದಾನ ಖತಂ ಸಾರ್. ಯಾರ ಮಾಡ್ಯಾರಂತ ಗೊತ್ತಾಗಲಿ, ನಾ ಸುಮ್ನ ಬಿಡೂದಿಲ್ಲ.”

“ಬಿಡಲೇಬಾರದ್ರಿ,” ಎಂದು ನಾನೂ ಗಟ್ಟಿಯಾಗಿ ಹೇಳಿದೆ. ಪಾರ್ಕು ಮುಚ್ಚಿದರೆ ಸಾವಿತ್ರಿಯ ಕಾಲು, ಮಕ್ಕಳ ಜೋಕಾಲಿ, ಎಲ್ಲವೂ ನನ್ನ ತಲೆಯ ಮೇಲೆ.

ಅಷ್ಟರಲ್ಲಿ ಸಾವಿತ್ರಿ ಕುಂಟುತ್ತ ಬಂದಳು. “ಏನ್ರಿ, ಒಗ್ಗರಣಿಗೆ ಅರಿಶಿಣ ಇಲ್ಲ. ಡಬ್ಬಿ ಎಲ್ಲಿಟ್ಟೀರಿ?” ಎಂದವಳ ಕಣ್ಣು ಕಟ್ಟೆಯ ಮೇಲೆ ಬಿತ್ತು. ನಾನು ಮರೆತುಬಂದಿದ್ದ ಸ್ಟೀಲ್ ಡಬ್ಬಿಗೂ ಯಾರೋ ಕುಂಕುಮ ಇಟ್ಟು ಹೂವು ಮುಡಿಸಿದ್ದರು. “ಅಲ್ರಿ, ಇದು ನಮ್ಮ ಡಬ್ಬಿ ಅಲ್ಲೇನು?”

ಎಲ್ಲರೂ ನನ್ನತ್ತ ತಿರುಗಿದರು. ಎಣ್ಣೆಯಿಂದ ಬೇವಿನ ಸೊಪ್ಪಿನವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಲಕ್ಷ್ಮಮ್ಮ ದೀಪ ಹಿಡಿದುಕೊಂಡೇ ಕೇಳಿದರು, “ಚೀಮಲ ಕೋಸಮಾ?”

ಹೌದು, ಇರುವೆಗಾಗಿ ಎಂದೆ.

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ತಲೆಯೆತ್ತಿದರೆ ಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಹೂವು, ದೀಪಗಳನ್ನು ಬೇವಿನ ಮರದ ಕೆಳಗಿಟ್ಟು, ನನ್ನ ಪರವಾಗಿ ಅಮ್ಮನ ಕ್ಷಮೆಯನ್ನೂ ಅವರೇ ಕೇಳಿದರು. ನನಗೆ ಹೋದ ಜೀವ ಬಂದ ಹಾಗಾಯಿತು.

ಸೈಕಲ್ ಒರೆಸುವಷ್ಟರಲ್ಲಿ ಎಂಜಿನಿಯರು ಬಂದರು. “ತುಳಿದು ತೋರಿಸಿ,” ಎಂದರು. ಸಾವಿತ್ರಿ ಹತ್ತಿದಳು. ಎಣ್ಣೆಯೊಳಗೆ ಅರಿಶಿನ ಗಟ್ಟಿಯಾಗಿ ಕೂತಿತ್ತು. ಅರ್ಧ ಸುತ್ತು ಹೋದ ಸೈಕಲ್ಲು ಹಿಂದೆಂದೂ ಕೇಳದ ದನಿಯಲ್ಲಿ ಕಿರುಚಿ ನಿಂತೇಬಿಟ್ಟಿತು. ಮರದ ಮೇಲಿನ ಕಾಗೆಗಳು ಹಾರಿಹೋದವು.

“ಇದು ಪೂರ್ತಿ ಹೋಗಿದೆ, ಹೊಸದೇ ಬೇಕು,” ಎಂದು ಎಂಜಿನಿಯರು ಬರೆದುಕೊಂಡರು. ಜೋಕಾಲಿಗಳಿಗೂ ಒಪ್ಪಿಗೆ ಸಿಕ್ಕಿತು.

ಅವರು ಹೋದ ಮೇಲೆ ನರ್ಸಿಂಗರಾಯರು ನನ್ನನ್ನು ತಬ್ಬಿಕೊಂಡರು. “ಶುಕ್ರವಾರ ಸಂಜಿಗಿ ಅದು ಸಪ್ಪಳಿಲ್ಲದ ತಿರಗಾಕತ್ತಿತ್ತು ಸಾರ್. ನೋಡಿ ನನ್ನ ಎದಿ ಧಸಕ್ ಅಂತು. ಚಲೋ ಇರೋ ಸಾಮಾನಿಗೆ ಅನುದಾನ ಯಾರ ಕೊಡ್ತಾರ? ಪುಣ್ಯಾಕ್ಕ ನಿಮ್ಮ ರಿಪೇರಿ ನಿಲ್ಲಲಿಲ್ಲ!”

ಈಗ ಹೊಸ ಸೈಕಲ್ ಬಂದಿದೆ. ಸಾವಿತ್ರಿ ದಿನಾ ತುಳಿಯುತ್ತಾಳೆ, ನೋವು ಕಡಿಮೆಯಾಗಿದೆ. ನಾನು ಅದರ ಹತ್ತಿರ ಸುಳಿಯುವಂತಿಲ್ಲ. ಆದರೆ ಮೊನ್ನೆ ನರ್ಸಿಂಗರಾಯರು ಮನೆಗೇ ಬಂದು, ಬಹಳ ಗೌರವದಿಂದ ಕೇಳಿಕೊಂಡರು:

“ಪಾರ್ಕಿನ ನೀರಿನ ಪಂಪು ನೋಡಾಕ ಬರ್ತಾರಂತ ಸಾರ್. ಅದು ಇನ್ನಾ ಸ್ವಲ್ಪ ನಡೀತೈತಿ. ಒಂದು ಸಲ ನಿಮ್ಮ ಕೈ ಹಚ್ಚಿ ಬಿಡ್ರಿ.”

ಸಾವಿತ್ರಿ ಎದ್ದು ಹೋಗಿ ಅರಿಶಿನದ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಹಾಕಿ ಬಂದಳು.