ನಲವತ್ತೆರಡರಲ್ಲಿ ಹಲ್ಲಿಗೆ ತಂತಿ

ನಲವತ್ತೆರಡು ವರ್ಷ ನಾನು ನಕ್ಕಿದ್ದೆಲ್ಲ ಸೆರಗಿನೊಳಗೇ. ಇದನ್ನು ಲಜ್ಜೆ ಎಂದು ತಿಳಿದವರಿದ್ದಾರೆ. "ಟೀಚರಮ್ಮ ಭಾಳ ಮರ್ಯಾದಸ್ಥರು, ಹಲ್ಲು ಕಾಣಂಗೆ ನಗಂಗಿಲ್ಲ" ಎಂದು ನೆಂಟರೊಬ್ಬರು ನನ್ನೆದುರಿಗೇ ಹೊಗಳಿದ್ದೂ ಉಂಟು. ನಿಜ ಹೇಳಿಬಿಡುತ್ತೇನೆ. ಅದು ಮರ್ಯಾದೆಯಾಗಿರಲಿಲ್ಲ, ಹಲ್ಲಾಗಿತ್ತು. ಮೇಲಿನ ಸಾಲಿನ ಎರಡು ಹಲ್ಲುಗಳು ಹೊರಗೆ ಇಣುಕುತ್ತಿದ್ದವು. ಅವುಗಳ ಪಕ್ಕದ ಕೋರೆಹಲ್ಲು ಜಾಗ ಸಿಗದೆ ಇನ್ನೊಂದರ ಹೆಗಲ ಮೇಲೆ ಹತ್ತಿ ಕೂತಿತ್ತು. ಹರಿಹರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ಹತ್ತೊಂಬತ್ತು ವರ್ಷ ಕಳೆದಿದ್ದೆ. ಹತ್ತೊಂಬತ್ತು ಗ್ರೂಪ್ ಫೋಟೋಗಳಲ್ಲೂ ತುಟಿ ಬಿಗಿದುಕೊಂಡು, ಈಗಷ್ಟೇ ಮೆಮೊ ಕೈಗೆ ಸಿಕ್ಕವಳ ಹಾಗೆ ಕೂತಿದ್ದೇನೆ. ಈಗೇನೋ ಗಾಜಿನಷ್ಟು ತಿಳಿಯಾದ ಅಚ್ಚುಗಳು ಬಂದಿವೆಯಂತೆ, ಹಾಕಿಕೊಂಡರೂ ಯಾರಿಗೂ ಕಾಣುವುದಿಲ್ಲವಂತೆ, ಹಲ್ಲು ಗುಟ್ಟಾಗಿ ನೆಟ್ಟಗಾಗುತ್ತವಂತೆ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಆಗ ಹಲ್ಲು ನೆಟ್ಟಗಾಗುವುದು ಊರಿಗೆಲ್ಲ ಗೊತ್ತಾಗಿಯೇ ಆಗಬೇಕಿತ್ತು.

ನನ್ನ ಪಾಡಿಗೆ ನಾನು ಹಾಗೇ ಇದ್ದುಬಿಡುತ್ತಿದ್ದೆನೇನೋ. ಒಂದು ಸಂಜೆ ದಾವಣಗೆರೆಯ ನಮ್ಮ ಮನೆಯಲ್ಲಿ ಎಲ್ಲರೂ ಟಿ.ವಿ. ಮುಂದೆ ಕೂತಿದ್ದೆವು. ಅದರಲ್ಲೊಬ್ಬ ಕಾಲು ಜಾರಿ ಹಿಟ್ಟಿನ ಮೂಟೆಯ ಮೇಲೆ ಬಿದ್ದ. ಹದಿಮೂರು ವರ್ಷದ ನನ್ನ ಮಗಳು ಶ್ವೇತಾ ನಕ್ಕಳು. ನಗು ಹೊರಬರುವ ಮೊದಲೇ ಅವಳ ಕೈ ಬಾಯಿಗೆ ಅಡ್ಡ ಬಂತು. ನನ್ನದೇ ಕೈ, ನನ್ನದೇ ವೇಗ. ಹಲ್ಲು ನನ್ನಿಂದ ಬಂದದ್ದು ಗೊತ್ತಿತ್ತು. ಆ ಕೈಯನ್ನು ನಾನು ಯಾವತ್ತು ಕಲಿಸಿದೆ? ಆಮೇಲಿನ ನಗೆಹನಿಗಳು ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ಶನಿವಾರ ಅವಳನ್ನು ಕರೆದುಕೊಂಡು ಊರಿನ ದಂತ ಕಾಲೇಜಿನ ಆಸ್ಪತ್ರೆಗೆ ಹೋದೆ. ಅಲ್ಲಿ ಬಿಳಿ ಕೋಟಿನ ಎಳೆಯ ವಯಸ್ಸಿನ ಡಾಕ್ಟರಮ್ಮ ನನ್ನನ್ನು ನೋಡಿದವರೇ ಎದ್ದು ನಿಂತರು. "ನಮಸ್ಕಾರ ಮೇಡಂ, ಗುರ್ತು ಸಿಕ್ತೇನ್ರಿ? ನಾನು ಶಶಿಕಲಾ, ಎಂಟನೇ ಬಿ ಸೆಕ್ಷನ್ನು." ಗುರುತು ಸಿಗದೆ ಏನು! ಇಡೀ ವರ್ಷ ತನ್ನ ಹೆಸರನ್ನೇ 'ಸಸಿಕಲಾ' ಎಂದು ಬರೆದು, ನನ್ನಿಂದ ನೂರು ಸಲ ತಿದ್ದಿ ಬರೆಸಿಕೊಂಡ ಹುಡುಗಿ. ಶ, ಷ, ಸ ಎಂದರೆ ನಾನು ಪ್ರಾಣ ಬಿಡುತ್ತಿದ್ದ ಕಾಲ ಅದು. ಶಂಕರನನ್ನು ಸಂಕರ ಎಂದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಶಶಿಕಲಾ ಮಗಳ ಬಾಯಿ ನೋಡಿ, ತಂತಿ ಹಾಕಬೇಕು, ಒಂದೂವರೆ ಎರಡು ವರ್ಷ ಹಿಡಿಯುತ್ತದೆ ಎಂದಳು. ಮಗಳು ಕುರ್ಚಿಯಿಂದ ಇಳಿದೇಬಿಟ್ಟಳು. "ನಾ ಹಾಕಿಸ್ಕೊಳಂಗಿಲ್ಲ. ಕ್ಲಾಸಿನಾಗೆ ಎಲ್ಲಾರೂ ನಗ್ತಾರೆ."

ಆಗ ನನ್ನ ಬಾಯಿಂದ ಆ ಮಾತು ಬಂತು. "ಹೆದ್ರಬ್ಯಾಡ, ನಾನೂ ಹಾಕಿಸ್ಕೊಂತೀನಿ ಬಾ. ಇಬ್ರೂ ಕೂಡೇ ಹಾಕಿಸ್ಕೊಳಾಣ." ಇದನ್ನು ತಾಯಿಯ ತ್ಯಾಗ ಎಂದು ತಿಳಿಯಬೇಡಿ. ಈ ವಯಸ್ಸಿಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿಯೇ ಹೇಳುತ್ತಾರೆ, ಮಾತಿನ ಪುಣ್ಯ ನನಗೆ, ತಂತಿ ಮಗಳಿಗೆ ಎಂಬುದು ನನ್ನ ಲೆಕ್ಕಾಚಾರ. ಶಶಿಕಲಾ ದೀಪವನ್ನು ನನ್ನ ಕಡೆ ತಿರುಗಿಸಿದಳು. "ಬಾಯಿ ತೆರೀರಿ ಮೇಡಂ." ತೆರೆದೆ. ಕನ್ನಡಿ ಕಡ್ಡಿಯಿಂದ ಒಳಗೆಲ್ಲ ಸುತ್ತಿಬಂದು ಹೇಳಿದಳು: "ಧಾರಾಳ ಹಾಕಬೋದು. ಒಸಡು ಗಟ್ಟಿ ಐತೆ. ಸ್ವಲ್ಪ ನಿಧಾನ ಆಗ್ತದೆ, ಅಷ್ಟೆ."

ಮಗಳು ಮತ್ತೆ ಕುರ್ಚಿ ಹತ್ತಿ ಕೂತಳು. "ಅವ್ವ ಹಾಕಿಸ್ಕೊಂಡ್ರೆ ನಾನೂ ಹಾಕಿಸ್ಕೊಂತೀನಿ."

ನಾನು ಕೊನೆಯ ಪ್ರಯತ್ನ ಮಾಡಿದೆ. "ನನ್ನ ಹಲ್ಲು ಕಲ್ಲಿನಂಗ ಕೂತಾವಮ್ಮ ಶಶಿ. ಇನ್ನು ಹೆಂಗ ಸರೀತಾವು?" ಅವಳು ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಯಾರದೋ ದವಡೆಯನ್ನು ಕೈಗೆ ತಗೊಂಡು ಪಾಠ ಮಾಡಿದಳು. "ಹಲ್ಲು ಅಂದ್ರೆ ಗೋಡೆಗೆ ಹೊಡೆದ ಮೊಳೆ ಅಲ್ಲ ಮೇಡಂ. ಮೆಲ್ಲಗೆ ಒತ್ತತಾ ಇದ್ರೆ ಮುಂದಿನ ಎಲುಬು ಕರಗಿ ದಾರಿ ಬಿಡ್ತದೆ, ಹಿಂದೆ ಹೊಸಾ ಎಲುಬು ತುಂಬ್ಕೊಂತದೆ. ಮೆಲ್ಲಗೆ ಒತ್ತಬೇಕು. ಜೋರು ಮಾಡಿದ್ರೆ ಕೆಡ್ತದೆ."

ನಾನು ಬೆರಗಾಗಿ ಕೂತೆ. ಎಲುಬು ದಾರಿ ಬಿಡುತ್ತದೆಯೆ? ಅದೂ ಸತ್ತ ಮೇಲೂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಎಲುಬು? ಹತ್ತೊಂಬತ್ತು ವರ್ಷ ಮಕ್ಕಳನ್ನು ಜೋರು ಮಾಡಿಯೇ ತಿದ್ದಿದ ನಾನು ಆ ಮಾತಿಗೆ ಉತ್ತರ ಹುಡುಕುವಷ್ಟರಲ್ಲಿ ಅಳತೆ ತೆಗೆಯುವ ತಣ್ಣನೆಯ ಹಿಟ್ಟು ನನ್ನ ಬಾಯಿ ತುಂಬಿತ್ತು.

ಜಾಗ ಮಾಡಿಕೊಡಲೆಂದು ನನ್ನ ನಾಲ್ಕು ಹಲ್ಲು ಕೀಳಿಸಿದರು. ಆಮೇಲೆ ಇಬ್ಬರ ಒಂದೊಂದು ಹಲ್ಲಿಗೂ ಲೋಹದ ಬಿಲ್ಲೆ ಅಂಟಿಸಿ, ಬಿಲ್ಲೆಯಿಂದ ಬಿಲ್ಲೆಗೆ ತಂತಿ ಎಳೆದು, ಅಂಗುಳಕ್ಕೂ ಒಂದು ಅಡ್ಡ ತಂತಿ ಕೂರಿಸಿದರು. ನಲ್ಲಿ, ಪೈಪುಗಳ ಅಂಗಡಿ ಇಟ್ಟಿರುವ ನಮ್ಮ ಮನೆಯವರು ಟಾರ್ಚ್ ಹಿಡಿದು ನನ್ನ ಬಾಯಿಯೊಳಗೆ ನೋಡಿ, "ಏನ್ ಫಿಟ್ಟಿಂಗಪ್ಪಾ!" ಎಂದರು. ಮದುವೆಯಾದ ಮೇಲೆ ನನ್ನಲ್ಲಿರುವ ಯಾವುದನ್ನೂ ಅವರು ಅಷ್ಟು ಮನಸ್ಸಿಟ್ಟು ಮೆಚ್ಚಿದ್ದು ನೆನಪಿಲ್ಲ. ಭಾನುವಳ್ಳಿಯಿಂದ ಬಂದು ನಮ್ಮ ಜೊತೆಗೇ ಇದ್ದ ಅತ್ತೆಗೆ ಆಗ ಬಾಯಲ್ಲಿ ಉಳಿದಿದ್ದುದು ಮೂರೇ ಹಲ್ಲು. ಅವರು ಕೇಳಿದರು: "ಇರೋ ಗಟ್ಟಿ ಹಲ್ಲು ಯಾಕ ಕೀಳಿಸ್ಕೊಂಡೆವ್ವಾ? ತಡಕಳಾಕ ಆಗ್ಲಿಲ್ಲೇನು? ನನ್ನಂಗ ತಾವೇ ಉದುರ್ತಿದ್ವಲ್ಲ!"

ಆದರೆ ಮೂರು ದಿನ ಅನ್ನವನ್ನೂ ಅಗಿಯಲಾಗದೆ ತಾಯಿ ಮಗಳು ಕಣ್ಣೀರು ಹಾಕುತ್ತಿದ್ದಾಗ ಕೈ ಹಿಡಿದವರು ಅವರೇ. ಜೋಳದ ರೊಟ್ಟಿಯನ್ನು ಚೂರು ಮಾಡಿ, ಬಿಸಿ ಹಾಲಿನಲ್ಲಿ ನೆನೆಸಿ, ಹಲ್ಲಿಗೆ ತಾಗಿಸದೆ ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ನುಂಗುವ ವಿದ್ಯೆಯನ್ನು ಕಲಿಸಿಕೊಟ್ಟರು. ಎಷ್ಟೋ ವರ್ಷದಿಂದ ಅವರು ಒಬ್ಬರೇ ಮೂಲೆಯಲ್ಲಿ ಕೂತು ಹಾಗೆ ಉಣ್ಣುತ್ತಿದ್ದರು. ಅದೊಂದು ವಿದ್ಯೆಯೆಂದೇ ನನಗೆ ಹೊಳೆದಿರಲಿಲ್ಲ. ಈಗ ಮೂವರೂ ಒಂದೇ ಸಾಲಿನಲ್ಲಿ ಬಟ್ಟಲು ಹಿಡಿದು ಕೂತೆವು. ಅತ್ತೆಯ ಮುಖದಲ್ಲಿ ಅಂಥ ಕಳೆಯನ್ನು ನಾನು ಹಬ್ಬದ ದಿನವೂ ಕಂಡಿರಲಿಲ್ಲ.

ಶಾಲೆಗೆ ಹೋಗುವುದೇ ದೊಡ್ಡ ಪರೀಕ್ಷೆಯಾಯಿತು. ಅಂಗುಳದ ತಂತಿಯಿಂದಾಗಿ ನನ್ನ ನಾಲಿಗೆಗೆ ಶ, ಷ, ಸ ಮೂರೂ ಒಂದೇ ಆಗಿ, ಮೂರೂ 'ಥ' ಆಗಿಬಿಟ್ಟಿದ್ದವು. ಹಾಜರಿ ಕರೆಯುತ್ತ "ಥರೋಜಾ" ಎಂದೆ. ಸರೋಜಾ ಎದ್ದು ನಿಂತು, "ಹಾಜರ್ ಮೇಡಂ" ಎಂದಳು, ತನ್ನ ಹೆಸರು ಹುಟ್ಟಿದಾಗಿನಿಂದ ಅದೇ ಎಂಬಂತೆ. ಹುಡುಗಿಯರು ನಗುತ್ತಾರೆಂದು ಹೆದರಿ ಹೋದವಳು ನಾನು. ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆಲ್ಲ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಅವರಿಗೆ ಸಿಗುತ್ತಿರಲಿಲ್ಲ. ಅವರು ತಪ್ಪನ್ನು ಕೇಳಿಯೂ ಕೇಳದಂತೆ ಇದ್ದುಬಿಟ್ಟರು. ಸೆರಗು ಸರಿಸಿ ಬಾಯಿ ತೆರೆದು, "ಬರ್ರಿ, ಎಲ್ಲಾರೂ ಒಂದ್ಥಲ ನೋಡಿಬಿಡ್ರಿ" ಎಂದೆ. ಸಾಲಾಗಿ ಬಂದು ನೋಡಿದರು. "ನೋಯ್ತದೇನ್ರಿ ಮೇಡಂ?" ಎಂದು ಒಬ್ಬೊಬ್ಬಳೂ ಕೇಳಿದಳು. ಶ್ವೇತಾಳೂ ದಾವಣಗೆರೆಯಲ್ಲಿ ಅವಳ ಶಾಲೆಯಲ್ಲಿ ಅದನ್ನೇ ಮಾಡಿದಳಂತೆ. ಮೂರನೆಯ ದಿನಕ್ಕೆ ಯಾರಿಗೂ ಅದು ಸುದ್ದಿಯಾಗಿ ಉಳಿಯಲಿಲ್ಲ.

ಆಮೇಲೆ ಆ ಪವಾಡ ಶುರುವಾಯಿತು. ಪವಾಡ ಎಂದೇ ಕರೆಯುತ್ತೇನೆ. ತಿಂಗಳಿಗೊಮ್ಮೆ ಶಶಿಕಲಾ ತಂತಿಯನ್ನು ಕೂದಲೆಳೆಯಷ್ಟು ಬಿಗಿ ಮಾಡುತ್ತಿದ್ದಳು, ಅಷ್ಟೆ. ಕನ್ನಡಿಯಲ್ಲಿ ದಿನವೂ ನೋಡಿದೆ, ಏನೂ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಹರಿಹರದ ಬಸ್ಸಿನಲ್ಲಿ ಕೂತಿದ್ದಾಗ ನಾಲಿಗೆ ಎಂದಿನಂತೆ ಹೆಗಲೇರಿದ ಹಲ್ಲನ್ನು ಹುಡುಕಿಕೊಂಡು ಹೋಯಿತು. ಅದು ಅಲ್ಲಿರಲಿಲ್ಲ. ಇಳಿದು ಕೆಳಗೆ ಬಂದಿತ್ತು. ನಾನು ಸಂಧಿ ಸಮಾಸ ಹೇಳಿಕೊಡುವಾಗ, ಪೇಪರು ತಿದ್ದುವಾಗ, ಸಾರಿಗೆ ಒಗ್ಗರಣೆ ಕೊಡುವಾಗ, ನನಗೊಂದು ಮಾತೂ ಹೇಳದೆ ನನ್ನೊಳಗೆ ಎಲುಬು ಕರಗಿ ಎಲುಬು ಕಟ್ಟಿತ್ತು. ಮುಗಿಯಿತು, ಇನ್ನೇನೂ ಬದಲಾಗುವುದಿಲ್ಲ ಎಂದು ನಾನು ಯಾವತ್ತೋ ತೀರ್ಮಾನಿಸಿದ್ದ ಮೈ ಇದು. ಬಸ್ಸಿನಲ್ಲಿ ಪಕ್ಕದ ಹೆಂಗಸು, "ಯಾಕ್ರೀ ಅಕ್ಕಾರೆ, ಅಳ್ತೀರಿ?" ಎಂದಳು. "ಹಲ್ಲು" ಎಂದೆ. "ಲವಂಗ ಇಟ್ಕೊಳ್ರಿ" ಎಂದಳು.

ಎರಡು ವರ್ಷಕ್ಕೆ ತಂತಿ ಬಿಚ್ಚಿದರು. ಸರಿದ ಹಲ್ಲು ಹಿಂದಕ್ಕೆ ಹೋಗದಂತೆ ಹಾಕಿಕೊಳ್ಳಲು ಶಶಿಕಲಾ ಇಬ್ಬರಿಗೂ ತಿಳಿನೀರಿನಂಥ ಒಂದೊಂದು ತೆಳು ಅಚ್ಚು ಮಾಡಿಕೊಟ್ಟಳು. ಹಾಕಿಕೊಂಡರೆ ಕಾಣುವುದೇ ಇಲ್ಲ. "ಊಟಕ್ಕೆ ತೆಗ್ದಾಗ ಡಬ್ಬಿಯೊಳಗೇ ಇಡ್ರಿ. ಎಲ್ಲೆಲ್ಲೋ ಇಟ್ಟು ಕಳ್ಕೊಂಡೀರಿ" ಎಂದು ಎಚ್ಚರಿಸಿದಳು. ಆ ಎಚ್ಚರಿಕೆಯನ್ನು ನಾನು ಮಗಳಿಗೆ ದಿನಕ್ಕೆ ಮೂರು ಹೊತ್ತು ಒಪ್ಪಿಸುತ್ತಿದ್ದೆ.

ಮರುತಿಂಗಳು ಶಾಮನೂರಿನಲ್ಲಿ ನಮ್ಮ ಮನೆಯವರ ಸೋದರಸಂಬಂಧಿಯ ಮಗನ ಮದುವೆ. ಊಟಕ್ಕೆ ಕೂತ ಮೇಲೆ ನೋಡುತ್ತೇನೆ, ಡಬ್ಬಿ ಮನೆಯಲ್ಲೇ ಉಳಿದಿದೆ. ಮಗಳು ತನ್ನ ಡಬ್ಬಿಯನ್ನು ಟಪ್ಪೆಂದು ತೆಗೆದು, ಅಚ್ಚನ್ನು ಅದರಲ್ಲಿಟ್ಟು ಮುಚ್ಚಿ, ನನ್ನ ಮುಖ ನೋಡಿದಳು. ನಾನು ಅಚ್ಚನ್ನು ಮೆಲ್ಲಗೆ ತೆಗೆದು ಎಲೆಯ ಅಂಚಿನ ಕೆಳಗೆ, ಮೇಜಿಗೆ ಹಾಸಿದ್ದ ಬಿಳಿ ಕಾಗದದ ಮೇಲೆ ಇಟ್ಟೆ. ಉಂಡು, ಕೈ ತೊಳೆದು ಬರುವಷ್ಟರಲ್ಲಿ ಬಡಿಸುವ ಹೆಂಗಸರು ಎಲೆಗಳನ್ನೂ ಕಾಗದವನ್ನೂ ಕೂಡಿಸಿ ಚಾಪೆಯಂತೆ ಸುತ್ತಿ ಒಯ್ದಾಗಿತ್ತು.

ಛತ್ರದ ಹಿಂದೆ ಎಲೆಗಳ ರಾಶಿ ಬಿದ್ದಿತ್ತು. ಎರಡು ವರ್ಷದ ನೋವು ಆ ರಾಶಿಯಲ್ಲಿತ್ತು. ನಾನು ರೇಷ್ಮೆ ಸೀರೆಯಲ್ಲೇ ಕುಕ್ಕರಿಸಿದೆ. ಮಗಳೂ ಪಕ್ಕದಲ್ಲಿ ಕೂತು ಕೈಹಾಕಿದಳು. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಬಂದರು. ಹೆಣ್ಣಿನ ಕಡೆಯವರು ಗಾಬರಿಯಿಂದ ಓಡಿ ಬಂದು, "ಏನ್ ಕಳದೈತ್ರಿ? ಬಂಗಾರೇನು?" ಎಂದರು. ಅತ್ತೆ ಛತ್ರಕ್ಕೆಲ್ಲ ಕೇಳುವಂತೆ ಹೇಳಿದರು: "ಬಂಗಾರಲ್ಲವ್ವಾ, ಹಲ್ಲು! ನಮ್ಮ ಸೊಸಿ ಹಲ್ಲು!"

ಹತ್ತು ಹನ್ನೆರಡು ಜನ ಸೇರಿ ಹುಡುಕಿದರು. ನೀರಿನಂತೆ ತಿಳಿಯಾದ ವಸ್ತುವನ್ನು ಸಾರು, ಪಾಯಸ, ಮಜ್ಜಿಗೆಯ ನಡುವೆ ಕಣ್ಣಿನಿಂದ ಕಾಣುವುದು ಹೇಗೆ? ಅತ್ತೆ ಕಣ್ಣು ಮುಚ್ಚಿ, ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಒಂದೊಂದೇ ಎಲೆಯನ್ನು ಬೆರಳಿನಿಂದ ಸವರುತ್ತ ಹೋದರು. ಅರ್ಧ ಗಂಟೆಯ ಮೇಲೆ ಅವರ ಕೈ ಮೇಲೆದ್ದಿತು. "ಸಿಕ್ತು ಹಲ್ಲು!" ಬೆರಳ ತುದಿಯಲ್ಲಿ ಅಚ್ಚು, ಅಚ್ಚಿನ ತುಂಬ ಶಾವಿಗೆ ಪಾಯಸ. ಮಗಳು ನಗತೊಡಗಿದಳು, ಬಾಯಿ ಪೂರ್ತಿ ತೆರೆದು, ತಲೆ ಹಿಂದಕ್ಕೆ ಹಾಕಿ. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ನಕ್ಕೆ. ಅತ್ತೆಯೂ ತಮ್ಮ ಮೂರು ಹಲ್ಲು ತೋರಿಸಿ ನಕ್ಕರು.

ನಗು ನಿಂತ ಮೇಲೆ ಅಚ್ಚನ್ನು ತೊಳೆದು ಬಾಯಿಗೆ ಹಾಕಿಕೊಂಡೆ. ಆಗಷ್ಟೇ ಸುದ್ದಿ ಕೇಳಿ ಬಂದ ಹೆಣ್ಣಿನ ದೊಡ್ಡಮ್ಮ ನನ್ನ ಪಕ್ಕಕ್ಕೆ ಬಂದು ಕೈ ಹಿಡಿದುಕೊಂಡರು. "ಪಾಪ, ಈ ವಯಸ್ಸಿಗೇ ಪೂರ್ತಿ ಕಟ್ಟಿಸಿದ ಹಲ್ಲಿನ ಸೆಟ್ಟಾ? ಆದ್ರೂ ಭಾಳ ಚಂದ ಕೂಡ್ಸ್ಯಾರ್ರಿ. ಸ್ವಂತ ಹಲ್ಲು ಅಂದ್ರೆ ಯಾರ್ ಬೇಕಾದ್ರೂ ನಂಬ್ತಾರೆ!"

ಇವು ನನ್ನ ಸ್ವಂತ ಹಲ್ಲು, ಎಲುಬು ಕರಗುತ್ತದೆ, ಮತ್ತೆ ಕಟ್ಟುತ್ತದೆ ಎಂದು ಎಲ್ಲವನ್ನೂ ವಿವರಿಸಲು ಬಾಯಿ ತೆರೆದೆ. ಅವರ ಹಿಂದೆ ಹಲ್ಲಿಲ್ಲದೆ ಕೆನ್ನೆ ಒಳಗೆ ಹೋದ ಅವರ ಯಜಮಾನರು ನಿಂತಿದ್ದರು. ನನ್ನ ಬಾಯನ್ನೇ ಅಂಥ ಆಸೆಯಿಂದ ನೋಡುತ್ತಿದ್ದರು. "ದಂತ ಕಾಲೇಜಿಗೆ ಹೋಗ್ರಿ, ಡಾಕ್ಟರ್ ಶಶಿಕಲಾ ಅಂತ ಕೇಳ್ರಿ" ಎಂದೆ.

ಹದಿನೈದು ದಿನ ಬಿಟ್ಟು ತಪಾಸಣೆಗೆ ಹೋದಾಗ ಶಶಿಕಲಾ ತಲೆ ಚಚ್ಚಿಕೊಂಡಳು. "ಮೇಡಂ, ಶಾಮನೂರಿಂದ ಆರು ಮಂದಿ ಬಂದು ಹೋದ್ರು. ಹಲ್ಲು ಕಟ್ಟೋದು ನನ್ನ ವಿಭಾಗ ಅಲ್ಲ ಅಂದ್ರೂ ಕೇಳಂಗಿಲ್ಲ. ಎಲ್ಲಾರಿಗೂ ಟೀಚರಮ್ಮನಂಥಾ ಸೆಟ್ಟೇ ಬೇಕಂತೆ. ನೀವಾದ್ರೂ ಅಲ್ಲ ಅಂತ ಹೇಳಬಾರದೇನ್ರಿ?" ಹೇಳಬಹುದಿತ್ತು. ಆದರೆ ಜೀವಮಾನವಿಡೀ ಊರವರ ತಪ್ಪು ತಿದ್ದಿದವಳಿಗೆ, ಹೊಗಳಿಕೆಯಲ್ಲಿದ್ದ ಒಂದು ತಪ್ಪನ್ನು ತಿದ್ದಲು ಮನಸ್ಸು ಬರಲಿಲ್ಲ.